ನೆಲ ಅಳಿಲಿನ ಬೇಟೆ ಮತ್ತು ಸೀಸವಿಲ್ಲದ ರಿಮ್‌ಫೈರ್ ತೋಟಾ: ಕ್ಯಾಲಿಫೋರ್ನಿಯಾದ ಕಾನೂನು ಎಲ್ಲಿ ಸರಿ, ಎಲ್ಲಿ ತೊಡಕು

.22 ಲಾಂಗ್ ರೈಫಲ್, ಅಂದರೆ ಸುಮಾರು 0.22 ಇಂಚು ದಪ್ಪದ ಗುಂಡಿನ ತೋಟಾವೊಂದನ್ನು ಎರಡು ಬೆರಳ ನಡುವೆ ಹಿಡಿದು ನೋಡಿದರೆ ಗುಂಡೂ ಹಿತ್ತಾಳೆಯ ಕವಚವೂ ಒಂದೇ ದಪ್ಪವಾಗಿರುವುದು ಕಾಣುತ್ತದೆ. ಇಂದಿನ ಬಹುತೇಕ ತೋಟಾಗಳಲ್ಲಿ ಗುಂಡಿನ ಬುಡ ತನ್ನ ಇಡೀ ದಪ್ಪದಲ್ಲೇ ಕವಚದ ಬಾಯೊಳಗೆ ಕೂರುತ್ತದೆ. ಇಲ್ಲಿ ಹಾಗಲ್ಲ. ಗುಂಡಿನ ಬುಡವನ್ನು ಮಾತ್ರ ತುಸು ಕಿರಿದು ಮಾಡಿ, ಆ ಭಾಗವನ್ನು ಕವಚದೊಳಗೆ ತೂರಿಸಿ, ಬಾಯಂಚನ್ನು ಸುತ್ತಲೂ ಒತ್ತಿ ಬಿಗಿಯಲಾಗಿರುತ್ತದೆ. ಉಗುರಿನಿಂದ ಒತ್ತಿ ಗೀರಿದರೂ ಗುರುತು ಬೀಳುವಷ್ಟು ಮೆತ್ತನೆಯ ಸೀಸವಾದ್ದರಿಂದಲೇ ಈ ಜೋಡಣೆ ಇಷ್ಟು ಸಲೀಸು. ಕವಚದ ಬುಡದ ಅಂಚಿನೊಳಗೆ (ರಿಮ್) ತೆಳ್ಳಗೆ ಹರಡಿದ ಸಿಡಿಮದ್ದು ಇರುತ್ತದೆ. ಬಂದೂಕಿನ ಮೊಳೆ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ, ರಿಮ್‌ಫೈರ್ ಎಂಬ ಹೆಸರು ಬಂದದ್ದು ಅದರಿಂದ. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ಹೊರತಂದ ಈ ತೋಟಾದ ರೂಪ ಅಂದಿನಿಂದ ಇಂದಿನವರೆಗೆ ಹೆಚ್ಚೇನೂ ಬದಲಾಗಿಲ್ಲ. ಗುಂಡಿನ ಅಳತೆ, ನಳಿಗೆಯೊಳಗಿನ ಸುರುಳಿ ಗೀರುಗಳ ತಿರುವು, ಮದ್ದಿನ ಪ್ರಮಾಣ, ಒತ್ತಡದ ಮಿತಿ ಎಲ್ಲವನ್ನೂ ಸೀಸದ ಗುಣಕ್ಕೆ ಹೊಂದಿಸಿಯೇ ಗೊತ್ತುಮಾಡಲಾಗಿದೆ.

ಈ ತೋಟಾದಿಂದ ಸೀಸವನ್ನು ತೆಗೆದುಹಾಕಿ ಎಂದು ಕ್ಯಾಲಿಫೋರ್ನಿಯಾ ರಾಜ್ಯ ಹೇಳಿದೆ. 2013ರ ಅಕ್ಟೋಬರ್‌ನಲ್ಲಿ ಅಂದಿನ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಕಾನೂನು ಹಂತಹಂತವಾಗಿ ಜಾರಿಗೆ ಬಂದು, 2019ರ ಜುಲೈ 1ರಿಂದ ಪೂರ್ಣವಾಗಿ ಅನ್ವಯವಾಗುತ್ತಿದೆ. ಬಂದೂಕಿನಿಂದ ಯಾವುದೇ ಕಾಡುಪ್ರಾಣಿಯನ್ನು ಹೊಡೆಯುವುದಾದರೂ ಗುಂಡಿನಲ್ಲಿ ತೂಕದ ಶೇಕಡಾ 1ಕ್ಕಿಂತ ಹೆಚ್ಚು ಸೀಸ ಇರಕೂಡದು. ಜಿಂಕೆಗೆ ಎಷ್ಟೋ ನೆಲ ಅಳಿಲಿಗೂ ಅಷ್ಟೇ, ದೊಡ್ಡ ರೈಫಲಿಗೆ ಎಷ್ಟೋ .22ಕ್ಕೂ ಅಷ್ಟೇ. ಗುರಿ ಅಭ್ಯಾಸಕ್ಕೆ ಮಾತ್ರ ಸೀಸದ ಗುಂಡನ್ನು ಇಂದಿಗೂ ಬಳಸಬಹುದು. ದೊಡ್ಡ ಬೇಟೆಯ ರೈಫಲುಗಳಿಗೆ ತಾಮ್ರದ ಒಳ್ಳೆಯ ಗುಂಡುಗಳು ಈಗ ಧಾರಾಳವಾಗಿ ಸಿಗುವುದರಿಂದ ಅಲ್ಲಿ ವಾದಕ್ಕೆ ಹೆಚ್ಚು ಜಾಗವಿಲ್ಲ. ಹೊಲ ಹಾಳುಮಾಡುವ ಸಣ್ಣ ಪ್ರಾಣಿಗಳ ಬೇಟೆಯಲ್ಲಿ, ಅಂದರೆ ರಿಮ್‌ಫೈರ್ ರೈಫಲಿನ ಕೆಲಸದಲ್ಲಿ, ಪ್ರಶ್ನೆ ಇನ್ನೂ ಜೀವಂತವಾಗಿದೆ. ಆ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ರಿಮ್‌ಫೈರ್ ಎಂಬ ಒಂದೇ ಹೆಸರಿನಡಿ ಸ್ವಭಾವದಲ್ಲಿ ಪೂರಾ ಬೇರೆಯಾದ ಎರಡು ಬಗೆಯ ತೋಟಾಗಳಿವೆ, ಅವುಗಳಿಗೆ ಉತ್ತರವೂ ಬೇರೆಬೇರೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಕಾನೂನಿನ ಹಿಂದೆ ಇರುವುದು ಕ್ಯಾಲಿಫೋರ್ನಿಯಾ ಕಾಂಡೋರ್. ರೆಕ್ಕೆ ಬಿಚ್ಚಿದರೆ ಒಂಬತ್ತು ಅಡಿಗೂ ಅಗಲವಾಗುವ, ಸತ್ತ ಪ್ರಾಣಿಗಳನ್ನೇ ತಿಂದು ಬದುಕುವ ಈ ರಣಹದ್ದು 1982ರಲ್ಲಿ ಕೇವಲ 22ಕ್ಕೆ ಇಳಿದಿತ್ತು. 1987ರಲ್ಲಿ ಕಾಡಿನಲ್ಲಿ ಉಳಿದಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ತಂದಾಗ ಜಗತ್ತಿನಲ್ಲಿ ಒಟ್ಟು 27 ಕಾಂಡೋರ್‌ಗಳಿದ್ದವು, ಎಲ್ಲವೂ ಪಂಜರದೊಳಗೆ. ಅವುಗಳಿಂದ ಮರಿ ಮಾಡಿಸಿ 1992ರಿಂದ ಮತ್ತೆ ಬಿಡುತ್ತ ಬಂದು, ಇಂದು ಒಟ್ಟು ಸಂಖ್ಯೆ 500ನ್ನು ದಾಟಿದೆ. ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಬಯಲಿನಲ್ಲಿ ಹಾರಾಡುತ್ತಿವೆ. ಆದರೆ ಹಾಗೆ ಹಾರಾಡುವ ಹಕ್ಕಿಗಳನ್ನು ಕೊಲ್ಲುವ ಕಾರಣಗಳಲ್ಲಿ ಮೊದಲನೆಯದು ಸೀಸದ ವಿಷ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಕ್ಯಾಲಿಫೋರ್ನಿಯಾದ ಬಯಲಿನ ಕಾಂಡೋರ್‌ಗಳಲ್ಲಿ ಪ್ರತಿವರ್ಷ ಸುಮಾರು ಶೇಕಡಾ 20ರಷ್ಟು ಹಕ್ಕಿಗಳ ರಕ್ತದಲ್ಲಿ ಚಿಕಿತ್ಸೆ ಬೇಕಾಗುವಷ್ಟು ಸೀಸ ಕಂಡುಬರುತ್ತಿತ್ತು. ಆ ಸೀಸ ಎಲ್ಲಿಯದು ಎಂಬುದನ್ನು ಅದರ ಐಸೊಟೋಪುಗಳ ಅನುಪಾತದಿಂದ ಗುರುತಿಸಬಹುದು. ಮುಖ್ಯವಾಗಿ ಅದು ಬೇಟೆಯ ಗುಂಡಿನಿಂದ ಬಂದದ್ದೆಂದು ಆ ಅಳತೆಗಳು ಹೇಳಿದವು. ಹಕ್ಕಿಯನ್ನು ಬಲೆಯಲ್ಲಿ ಹಿಡಿದು, ಸೀಸವನ್ನು ಸೆಳೆದು ಮೂತ್ರದಲ್ಲಿ ಹೊರಹಾಕಿಸುವ ಔಷಧವನ್ನು ಚುಚ್ಚುಮದ್ದಾಗಿ ಕೊಟ್ಟು, ಚೇತರಿಸಿಕೊಂಡ ಮೇಲೆ ಬಿಟ್ಟರೆ, ಅದು ಮತ್ತೆ ಅದೇ ಬೆಟ್ಟಗಳಲ್ಲಿ ಅದೇ ಬಗೆಯ ಕಳೇಬರವನ್ನು ಹುಡುಕುತ್ತದೆ.

ನಷ್ಟ ಕಾಂಡೋರ್‌ಗೆ ಮಾತ್ರವೂ ಅಲ್ಲ. 2022ರಲ್ಲಿ ಪ್ರಕಟವಾದ, ಅಮೆರಿಕದ 38 ರಾಜ್ಯಗಳಿಂದ 1,210 ಹದ್ದುಗಳನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಬಾಲ್ಡ್ ಈಗಲ್ ಮತ್ತು ಗೋಲ್ಡನ್ ಈಗಲ್ ಎರಡರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಹಕ್ಕಿಗಳ ಮೂಳೆಗಳಲ್ಲಿ ದೀರ್ಘಕಾಲದ ಸೀಸದ ವಿಷದ ಗುರುತು ಸಿಕ್ಕಿತು. ನಿರ್ಬಂಧದಿಂದ ಪ್ರಯೋಜನ ಆಗುತ್ತದೆಯೇ ಎಂಬುದಕ್ಕೂ ಪುರಾವೆಯಿದೆ. ಕಾಂಡೋರ್ ಇರುವ ಪ್ರದೇಶದಲ್ಲಿ ದೊಡ್ಡ ಬೇಟೆಗೆ ಮತ್ತು ತೋಳದ ಜಾತಿಯ ಕಯೋಟಿಗೆ ಸೀಸದ ಗುಂಡನ್ನು 2008ರಲ್ಲಿಯೇ ನಿಷೇಧಿಸಿದ ಮೇಲೆ, ಅಲ್ಲಿನ ಗೋಲ್ಡನ್ ಈಗಲ್ ಮತ್ತು ಟರ್ಕಿ ವಲ್ಚರ್ ಎಂಬ ರಣಹದ್ದುಗಳ ರಕ್ತದಲ್ಲಿ ಸೀಸ ಕಡಿಮೆಯಾಯಿತೆಂದು 2011ರಲ್ಲಿ ಸಂಶೋಧಕರು ದಾಖಲಿಸಿದರು. ಬೇಟೆಗಾರರ ಸಂಘಗಳು ಆಗಾಗ ಎತ್ತುವ 'ಇದರಿಂದ ಏನೂ ಆಗದು' ಎಂಬ ಆಕ್ಷೇಪಕ್ಕೆ ನನ್ನ ಮಟ್ಟಿಗೆ ಇದು ಸಾಕಷ್ಟು ಉತ್ತರ.

ಇಷ್ಟಕ್ಕೂ ಗೇಣುದ್ದದ ಅಳಿಲೊಂದಕ್ಕೂ ಒಂಬತ್ತು ಅಡಿ ರೆಕ್ಕೆಯ ಹಕ್ಕಿಗೂ ಏನು ಸಂಬಂಧ? ಜಿಂಕೆ ಹೊಡೆದವನು ಮಾಂಸ ಒಯ್ಯುತ್ತಾನೆ. ಬಯಲಿನಲ್ಲಿ ಉಳಿಯುವುದು ಕರುಳು ಮತ್ತು ಒಳಾಂಗ. ನೆಲ ಅಳಿಲು ಹೊಡೆದವನು ಏನನ್ನೂ ಒಯ್ಯುವುದಿಲ್ಲ. ಕ್ಯಾಲಿಫೋರ್ನಿಯಾದ ಈಶಾನ್ಯ ಭಾಗದ ಕುದುರೆ ಮಸಾಲೆ ಸೊಪ್ಪಿನ ಹೊಲಗಳಲ್ಲಿ ವಸಂತ ಬಂತೆಂದರೆ ಬೆಲ್ಡಿಂಗ್ ನೆಲ ಅಳಿಲುಗಳು ಬಿಲಗಳಿಂದ ಎದ್ದು ಚಿಗುರನ್ನು ಬುಡಮಟ್ಟ ಮೇಯುತ್ತವೆ. ಬಿಲದ ಮಣ್ಣಿನ ದಿಬ್ಬಗಳು ಕೊಯ್ಲಿನ ಯಂತ್ರಕ್ಕೂ ತೊಂದರೆ. ಬೆಳೆಗೆ ಹಾನಿ ಮಾಡುತ್ತಿದ್ದರೆ ಅವನ್ನು ಕೊಲ್ಲಲು ಹೊಲದವನಿಗೆ ಅವಕಾಶವಿದೆ. ಹಾಗಾಗಿ ಆ ಹೊಲಗಳಲ್ಲಿ ದಿನವಿಡೀ ರೈಫಲಿನ ಸದ್ದು ಕೇಳಿಸುತ್ತದೆ, ಸತ್ತ ಅಳಿಲುಗಳು ಬಿದ್ದಲ್ಲೇ ಉಳಿಯುತ್ತವೆ. ಅದೇ ವಸಂತದಲ್ಲಿ ಹದ್ದು, ಗಿಡುಗ, ಕಾಗೆಜಾತಿಯ ಹಕ್ಕಿಗಳ ಗೂಡಿನಲ್ಲಿ ಮರಿಗಳಿರುತ್ತವೆ. ಸುಲಭವಾಗಿ ಎತ್ತಿಕೊಂಡು ಹೋಗಬಹುದಾದ, ಓಡಿಹೋಗದ ಆಹಾರ ಹೊಲದ ತುಂಬ ಬಿದ್ದಿರುವಾಗ ತಾಯಿಹಕ್ಕಿ ಬೇರೇನು ಮಾಡೀತು?

ಆ ಆಹಾರದೊಳಗೆ ಏನಿದೆ ಎಂಬುದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಬೂದುಬಣ್ಣದ ಫಲಕದಲ್ಲಿ ಪುಟ್ಟ ಪಕ್ಕೆಲುಬುಗಳ ಸಾಲು, ಅದರ ಮಧ್ಯೆ ಗುಂಡು ಹಾದ ದಾರಿಯುದ್ದಕ್ಕೂ ಬಿಳಿಯ ಚುಕ್ಕೆಗಳು. ಕೆಲವು ಸಾಸಿವೆಯಷ್ಟು, ಹೆಚ್ಚಿನವು ಅದಕ್ಕಿಂತ ಎಷ್ಟೋ ಸಣ್ಣ ಧೂಳು. ಬೆಲ್ಡಿಂಗ್ ನೆಲ ಅಳಿಲುಗಳನ್ನು ಹೀಗೆ ಎಕ್ಸ್‌ರೇ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇಕಡಾ 80ರಷ್ಟು ಕಳೇಬರಗಳಲ್ಲಿ ಸೀಸದ ಚೂರುಗಳಿದ್ದವು, ಸರಾಸರಿ 38.6 ಚೂರು. ಕೆಸ್ಟ್ರೆಲ್ ಎಂಬ ಪುಟ್ಟ ಗಿಡುಗದ ಮರಿಯನ್ನು ಕೊಲ್ಲಲು ಸಾಕಾಗುವಷ್ಟು ಸೀಸ ಶೇಕಡಾ 7ರಷ್ಟು ಕಳೇಬರಗಳಲ್ಲಿತ್ತು. ನೂರರಲ್ಲಿ ಏಳು ಎಂಬುದನ್ನು ಸಣ್ಣ ಸಂಖ್ಯೆಯೆಂದು ತಳ್ಳಿಹಾಕುವವರು ಒಂದು ಹೊಲದಲ್ಲಿ ಒಂದು ವಾರಕ್ಕೆ ಎಷ್ಟು ಅಳಿಲುಗಳು ಬೀಳುತ್ತವೆ ಎಂಬುದನ್ನೂ, ಒಂದು ಗೂಡಿಗೆ ದಿನಕ್ಕೆ ಎಷ್ಟು ಸಲ ಆಹಾರ ಬರುತ್ತದೆ ಎಂಬುದನ್ನೂ ಒಟ್ಟಿಗೆ ನೋಡಬೇಕು.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ. ಇಡೀ ಚರ್ಚೆಯಲ್ಲಿ ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂದು ನನಗೆ ಅನ್ನಿಸುತ್ತದೆ. ಚೂರುಗಳ ಎಣಿಕೆಯಲ್ಲಿ ತೋಟಾದಿಂದ ತೋಟಾಕ್ಕೆ ವ್ಯತ್ಯಾಸ ಕಾಣಲಿಲ್ಲ, ಆದರೆ ದೇಹದೊಳಗೆ ಉಳಿದ ಸೀಸದ ತೂಕದಲ್ಲಿ ಅಜಗಜಾಂತರ ಇತ್ತು. .17 ಸೂಪರ್ ಮ್ಯಾಗ್ ಎಂಬ ಅತಿವೇಗದ ರಿಮ್‌ಫೈರ್ ಗುಂಡು ತಗುಲಿದ ಅಳಿಲಿನಲ್ಲಿ, .22ರ ಸಾದಾ ಸೀಸದ ಗುಂಡು ತಗುಲಿದ ಅಳಿಲಿಗಿಂತ 28 ಪಟ್ಟಿಗೂ ಹೆಚ್ಚು ಸೀಸ ಉಳಿದಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. .22ರ ಗುಂಡು ನಿಧಾನ, ಮೆತ್ತಗೆ, ತುಸು ಚಪ್ಪಟೆಯಾಗಿ ಸಣ್ಣ ಪ್ರಾಣಿಯನ್ನು ದಾಟಿ ಆಚೆಯ ಮಣ್ಣಿಗೆ ಹೋಗುತ್ತದೆ. .17ರ ಗುಂಡನ್ನು ಮಾಡಿರುವುದೇ ಒಳಗೆ ಸಿಡಿದು ಪುಡಿಯಾಗಲೆಂದು. ವ್ಯೋಮಿಂಗ್ ರಾಜ್ಯದ ಪ್ರೇರಿ ಡಾಗ್ ಎಂಬ, ಬಿಲದಲ್ಲಿ ಬದುಕುವ ಅಳಿಲುಜಾತಿಯ ಪ್ರಾಣಿಗಳ ಮೇಲೆ 2007ರಲ್ಲಿ ಪ್ರಕಟವಾದ ಕೆಲಸವೂ ಇದನ್ನೇ ಹೇಳಿತ್ತು: ತಗುಲಿದೊಡನೆ ಅರಳಿ ಅಗಲವಾಗುವ ಗುಂಡು ಹೊಡೆದವುಗಳಲ್ಲಿ ಶೇಕಡಾ 87ರಷ್ಟರಲ್ಲಿ ಚೂರುಗಳು, ಅರಳದ ಗುಂಡು ತಗುಲಿದವುಗಳಲ್ಲಿ ಶೇಕಡಾ 7ರಷ್ಟರಲ್ಲಿ ಮಾತ್ರ.

ಈಗ ತೋಟಾದ ಕಡೆಗೆ ಬರೋಣ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು ಸುಮಾರು 9, ತವರದ್ದು 7.3, ಸತುವಿನದು 7.1. .22 ಲಾಂಗ್ ರೈಫಲಿನ ಸಾಮಾನ್ಯ ಗುಂಡು 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಅದೇ ಆಕಾರದ ಗುಂಡನ್ನು ತವರದಲ್ಲಿ ಎರಕ ಹೊಯ್ದರೆ ತೂಕ 26 ಗ್ರೇನ್‌ಗೆ ಇಳಿಯುತ್ತದೆ. ವಿಂಚೆಸ್ಟರ್ ಕಂಪನಿಯ ತವರದ.22 ಗುಂಡು ಸರಿಯಾಗಿ 26 ಗ್ರೇನ್ ಇರುವುದು ಕಾಕತಾಳೀಯವಲ್ಲ. ಗಟ್ಟಿ ತಾಮ್ರ ಇನ್ನಷ್ಟು ಭಾರ ಕೊಟ್ಟೀತು, ಆದರೆ ಅದು ಗಡುಸು. ಈ ತೋಟಾದ ಒತ್ತಡದ ಮಿತಿ ಚದರ ಇಂಚಿಗೆ 24,000 ಪೌಂಡ್ ಮಾತ್ರವಾದ್ದರಿಂದ, ಗಡುಸು ಲೋಹವನ್ನು ನಳಿಗೆಯ ಗೀರುಗಳಿಗೆ ಒತ್ತಿ ತೂರಿಸುವಷ್ಟು ತ್ರಾಣ ಅದಕ್ಕೆ ಕಡಿಮೆ. ಸಿಸಿಐ ಕಂಪನಿಯ ಕಾಪರ್-22 ಈ ತೊಡಕನ್ನು ಬಿಡಿಸಿಕೊಂಡ ರೀತಿ ಜಾಣತನದ್ದು: ತಾಮ್ರದ ಪುಡಿಯನ್ನು ಪಾಲಿಮರ್ ಜೊತೆ ಬೆರೆಸಿ ಒತ್ತಿ ಗುಂಡು ಮಾಡಿದರು. ಮೆತ್ತಗಾಯಿತು, ಹಗುರವೂ ಆಯಿತು. ಅದರ ತೂಕ 21 ಗ್ರೇನ್, ಸೀಸದ ಗುಂಡಿನ ಅರ್ಧಕ್ಕಿಂತ ತುಸು ಹೆಚ್ಚು.

ತೂಕ ಕಡಿಮೆಯಾದುದನ್ನು ವೇಗದಿಂದ ತುಂಬಿಕೊಡಲಾಗಿದೆ. ಹೈ ವೆಲಾಸಿಟಿ ವರ್ಗದ 40 ಗ್ರೇನ್ ಸೀಸದ ಗುಂಡು ಸೆಕೆಂಡಿಗೆ ಸುಮಾರು 375 ಮೀಟರ್ ವೇಗದಲ್ಲಿ ಹೊರಟರೆ ಕಾಪರ್-22 ಸುಮಾರು 560 ಮೀಟರ್ ವೇಗದಲ್ಲಿ ಹೊರಡುತ್ತದೆ. ನಳಿಗೆಯ ತುದಿಯಲ್ಲಿ ಶಕ್ತಿಯ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಸುಮಾರು 184 ಜೂಲ್, ಎರಡನೆಯದಕ್ಕೆ 216. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನಷ್ಟೇ ಓದಿದವರು ಹೊಸ ಗುಂಡೇ ಮೇಲೆಂದು ತಿಳಿದರೆ ಅವರ ತಪ್ಪಲ್ಲ. ಆದರೆ ಒಂದೇ ದಪ್ಪದ ಎರಡು ಗುಂಡುಗಳಲ್ಲಿ ಹಗುರವಾದುದನ್ನು ಗಾಳಿ ಬೇಗ ತಡೆಯುತ್ತದೆ. ಅರ್ಧ ತೂಕದ ಗುಂಡಿಗೆ ಗಾಳಿಯ ಅದೇ ತಡೆ ಎರಡು ಪಟ್ಟು ಹಿಂದೆಳೆತವಾಗಿ ಪರಿಣಮಿಸುತ್ತದೆ, ವೇಗ ಹೆಚ್ಚಿದ್ದಷ್ಟೂ ಆ ತಡೆಯೇ ಇನ್ನೂ ಹೆಚ್ಚು. ಮೊದಲ ಕೆಲವು ಹತ್ತು ಮೀಟರ್‌ಗಳಲ್ಲಿ ಇದ್ದ ಮೇಲುಗೈ ಕರಗುತ್ತ ಹೋಗಿ, ನೂರು ಮೀಟರ್ ಮುಟ್ಟುವಷ್ಟರಲ್ಲಿ ಸೀಸದ ಗುಂಡು ಸ್ಪಷ್ಟವಾಗಿ ಮುಂದಿರುತ್ತದೆ. ಅಡ್ಡಗಾಳಿಗೆ ಸರಿಯುವುದೂ ಹಗುರ ಗುಂಡೇ ಹೆಚ್ಚು.

ಶಕ್ತಿಗಿಂತ ಮುಖ್ಯವಾದ ತೊಡಕು ನಿಖರತೆಯದು. .22ರ ನಳಿಗೆಯೊಳಗಿನ ಗೀರುಗಳು ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು ತಿರುಗುತ್ತವೆ. 40 ಗ್ರೇನ್ ಸೀಸದ ಗುಂಡನ್ನು ನೆಟ್ಟಗೆ ಹಾರಿಸಲು ಅದು ಹಿತವಾದ ತಿರುವು. ಸಾಂದ್ರತೆ ಕಡಿಮೆಯಿರುವ ಗುಂಡನ್ನು ಅದೇ ಉದ್ದಕ್ಕೆ ಮಾಡಿದರೆ ಅದೇ ತಿರುವಿನಲ್ಲಿ ಅದರ ಸ್ಥಿರತೆ ತಗ್ಗುತ್ತದೆ. ಅದರ ಮೇಲೆ, ವರ್ಷಗಟ್ಟಲೆ ಸೀಸ ಮತ್ತು ಮೇಣದ ತೆಳುಪದರ ಹತ್ತಿದ ನಳಿಗೆ ಹೊಸ ಲೋಹಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಒಂದು ರೈಫಲಿನಲ್ಲಿ ಒಪ್ಪವಾಗಿ ಒಂದೆಡೆ ಕೂಡುವ ತೋಟಾ ಪಕ್ಕದ ರೈಫಲಿನಲ್ಲಿ ಚದುರಿಹೋಗುವುದು .22ರಲ್ಲಿ ಹಳೆಯ ಅನುಭವ. ಸೀಸವಿಲ್ಲದ ತೋಟಾಗಳಲ್ಲಿ ಆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಸೀಸದ್ದಾದರೆ ಹತ್ತಾರು ಬಗೆಗಳಲ್ಲಿ ತನ್ನ ರೈಫಲಿಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು, ಇಲ್ಲಿ ಆಯ್ಕೆ ಬೆರಳೆಣಿಕೆಯಷ್ಟು. ನೆಲ ಅಳಿಲಿನ ತಲೆಯಾಗಲಿ ಎದೆಯ ಮರ್ಮಭಾಗವಾಗಲಿ ನಾಲ್ಕೈದು ಸೆಂಟಿಮೀಟರ್ ಅಗಲದ ಗುರಿ. 50 ಮೀಟರಿನಲ್ಲಿ ಗುಂಡುಗಳು ಐದು ಸೆಂಟಿಮೀಟರ್ ವೃತ್ತದಲ್ಲಿ ಕೂಡುವ ರೈಫಲು 75 ಮೀಟರಿನಲ್ಲಿ ಆ ಗುರಿಯನ್ನು ಮೀರಿ ಹರಡುತ್ತದೆ. ಗುರಿ ತಪ್ಪಿದ ಗುಂಡು ಪೂರ್ತಿ ತಪ್ಪಿದರೆ ಒಳ್ಳೆಯದೇ, ಅರ್ಧ ತಪ್ಪಿದರೆ ಹಿಂಗಾಲು ಎಳೆದುಕೊಂಡು ಬಿಲ ಸೇರುವ ಅಳಿಲು ಒಳಗೆ ಗಂಟೆಗಟ್ಟಲೆ ನರಳುತ್ತದೆ.

ಈ ನರಳಿಕೆಯನ್ನು ಸೀಸವಿರೋಧಿಗಳು ಚರ್ಚೆಯಿಂದ ಹೊರಗಿಡುವುದು ಸರಿಯಲ್ಲ. ಆಸ್ಟ್ರೇಲಿಯಾದಲ್ಲಿ ಮೊಲಗಳನ್ನು ಹೊಡೆಯುವಾಗ ಸೀಸದ ಮತ್ತು ಸೀಸವಿಲ್ಲದ .22 ಗುಂಡುಗಳನ್ನು ಹೋಲಿಸಿ ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೀಸವಿಲ್ಲದ ಗುಂಡು ಪ್ರಾಣಿಯ ಸಂಕಟದ ಲೆಕ್ಕದಲ್ಲಿ ಹಿಂದೆ ಬಿತ್ತು. ಪರೀಕ್ಷಿಸಿದವರು ಬಂದೂಕು ಉದ್ಯಮದವರಲ್ಲ, ವನ್ಯಜೀವಿ ಸಂಶೋಧಕರು. ಸೀಸವನ್ನು ಬಿಡಬೇಕೆಂಬ ಕಾಳಜಿಯಿಂದಲೇ ಆ ಕೆಲಸಕ್ಕೆ ಇಳಿದವರು. ಆದ್ದರಿಂದ ಆ ಫಲಿತಾಂಶಕ್ಕೆ ತೂಕವಿದೆ.

ಸಣ್ಣ ತೊಡಕುಗಳೂ ಇವೆ. ಗುಂಡು ಹಾರಿದ ಹಿಂದೊತ್ತಿನಿಂದಲೇ ತಾವಾಗಿ ಮುಂದಿನ ತೋಟಾ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ .22 ರೈಫಲುಗಳಿಗೆ ಬೇಕಾದದ್ದು ಶಕ್ತಿಯಲ್ಲ, ಸಂವೇಗ, ಅಂದರೆ ತೂಕವನ್ನು ವೇಗದಿಂದ ಗುಣಿಸಿದ್ದು. ಗುಂಡಿನ ಲೆಕ್ಕವೊಂದನ್ನೇ ಹಿಡಿದರೆ 21 ಗ್ರೇನ್ ಗುಂಡು ಎಷ್ಟೇ ವೇಗವಾಗಿ ಹೋದರೂ ಅದರ ಸಂವೇಗ 40 ಗ್ರೇನ್ ಗುಂಡಿಗಿಂತ ಐದನೇ ಒಂದು ಭಾಗದಷ್ಟು ಕಡಿಮೆ. ಕೆಲವು ರೈಫಲುಗಳು ಅದಕ್ಕೆ ಖಾಲಿ ಕವಚವನ್ನು ಪೂರ್ತಿ ಎಸೆಯದೆ ಸಿಕ್ಕಿಕೊಳ್ಳುತ್ತವೆ. ಶಬ್ದದ ವೇಗಕ್ಕಿಂತ ಕೆಳಗೆ, ಸದ್ದಿಲ್ಲದೆ ಹಾರುವ ಗುಂಡಂತೂ ಈ ತೂಕದಲ್ಲಿ ಸಾಧ್ಯವೇ ಇಲ್ಲವೆನ್ನಬೇಕು, ಏಕೆಂದರೆ ಒಂದೇ ವೇಗದಲ್ಲಿ ಅರ್ಧ ತೂಕಕ್ಕೆ ಅರ್ಧವೇ ಶಕ್ತಿ. ಮನೆ, ಕೊಟ್ಟಿಗೆಗಳ ಹತ್ತಿರ ಅಂಥ ಮೌನದ ತೋಟಾವನ್ನೇ ನೆಚ್ಚಿಕೊಂಡವರಿಗೆ ಇದು ನಿಜವಾದ ನಷ್ಟ. ಬೆಲೆಯೂ ಹೆಚ್ಚು, ಸಗಟಾಗಿ ನೂರುಗಟ್ಟಲೆ ಸಿಗುವ ಸೀಸದ ತೋಟಾಕ್ಕೆ ಹೋಲಿಸಿದರೆ ಒಂದೊಂದು ಹೊಡೆತದ ಖರ್ಚು ಹಲವು ಸಲ ಎರಡು ಪಟ್ಟನ್ನೂ ಮೀರುತ್ತದೆ. ಬೆಲೆಯ ದೂರನ್ನು ನಾನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಹೆಚ್ಚು ಗುಂಡುಗಳು ಖರ್ಚಾಗುವುದು ಅಭ್ಯಾಸದಲ್ಲಿ, ಅಲ್ಲಿ ಸೀಸಕ್ಕೆ ಅಡ್ಡಿಯಿಲ್ಲ.

ಇನ್ನು ಎರಡನೆಯ ಬಗೆಯ ರಿಮ್‌ಫೈರ್. 1959ರಲ್ಲಿ ವಿಂಚೆಸ್ಟರ್ ಹೊರತಂದ .22 ಮ್ಯಾಗ್ನಮ್ ಮತ್ತು ಅದರ ಕವಚದ ಕತ್ತನ್ನು ಕಿರಿದು ಮಾಡಿ 2002ರಲ್ಲಿ ಹಾರ್ನಡಿ ಕಂಪನಿ ರೂಪಿಸಿದ .17 ಎಚ್‌ಎಂಆರ್ ನೋಡಲು .22ರ ಅಣ್ಣತಮ್ಮಂದಿರಂತಿದ್ದರೂ ಒಳಗಿನ ಕಟ್ಟು ಬೇರೆ. ಗುಂಡು ಕವಚದ ಬಾಯೊಳಗೆ ಕೂರುತ್ತದೆ, ಬುಡ ಕಿರಿದಾಗಿಲ್ಲ, ತಿರುಳಿನ ಸುತ್ತ ತಾಮ್ರದ ಹೊದಿಕೆ ಮೊದಲಿನಿಂದಲೂ ಇದೆ. ಅಂದಮೇಲೆ ನಳಿಗೆಗೆ ತಾಗುವ ಲೋಹ ಬದಲಾಗುವುದಿಲ್ಲ. ಒಳಗಿನ ಸೀಸದ ತಿರುಳನ್ನು ತೆಗೆದು ಬೇರೆ ತಿರುಳು ಇಟ್ಟರೆ ಮುಗಿಯಿತು. .17 ಎಚ್‌ಎಂಆರ್‌ನ ಸಾಮಾನ್ಯ ಗುಂಡು 17 ಗ್ರೇನ್, ಹಾರ್ನಡಿಯ ಸೀಸವಿಲ್ಲದ ಎನ್‌ಟಿಎಕ್ಸ್ ಗುಂಡು 15.5 ಗ್ರೇನ್. .22ರಲ್ಲಿ 40ರಿಂದ 21ಕ್ಕೆ ಇಳಿದುದರ ಎದುರು ಇದು ಲೆಕ್ಕಕ್ಕೆ ಹಿಡಿಯಬೇಕಾದ ವ್ಯತ್ಯಾಸವೇ ಅಲ್ಲ. 9 ಇಂಚಿಗೆ ಒಂದು ಸುತ್ತು ತಿರುಗುವ ಬಿಗಿಯಾದ ಗೀರು ಹಗುರ ಲೋಹದ ಗುಂಡನ್ನೂ ನೆಟ್ಟಗೆ ಹಿಡಿಯುತ್ತದೆ. ಸೆಕೆಂಡಿಗೆ 750 ಮೀಟರಿಗೂ ಮಿಗಿಲಾದ ವೇಗದಿಂದಾಗಿ ನೂರು ಮೀಟರಿನಲ್ಲೂ ನೆಲ ಅಳಿಲಿಗೆ ಬೇಕಾದ ಶಕ್ತಿ ಉಳಿದಿರುತ್ತದೆ, ಗುಂಡು ಒಳಗೆ ಸಿಡಿಯುವುದೂ ನಿಲ್ಲುವುದಿಲ್ಲ; ಹಕ್ಕಿಯ ಹೊಟ್ಟೆಗೆ ಹೋಗುವ ಪುಡಿ ಮಾತ್ರ ಸೀಸದ್ದಾಗಿರುವುದಿಲ್ಲ. .22 ಮ್ಯಾಗ್ನಮ್‌ಗೂ 30 ಗ್ರೇನ್ ಸುತ್ತಮುತ್ತಲಿನ ಸೀಸವಿಲ್ಲದ ಗುಂಡುಗಳಿವೆ. ಅದರಲ್ಲಿ ಸೀಸದ ತಿರುಳಿನದೇ 30 ಗ್ರೇನ್ ಗುಂಡುಗಳೂ ಬಹುಕಾಲದಿಂದ ಬಳಕೆಯಲ್ಲಿರುವುದರಿಂದ ಬೇಟೆಗಾರನಿಗೆ ಹೊಸದಾಗಿ ಕಲಿಯಬೇಕಾದ್ದು ಅಷ್ಟೇನಿಲ್ಲ.

ಎಕ್ಸ್‌ರೇಯ ಲೆಕ್ಕವನ್ನೂ ತೋಟಾದ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಚಿತ್ರ ತಿಳಿಯಾಗುತ್ತದೆ. ಸೀಸದ ಹಾನಿ ಅತಿಹೆಚ್ಚು ಇರುವುದು ವೇಗವಾಗಿ ಹೋಗಿ ಸಿಡಿಯುವ ಸಣ್ಣ ಗುಂಡುಗಳಲ್ಲಿ, ಅವುಗಳ ಪೈಕಿ.17 ಎಚ್‌ಎಂಆರ್‌ನಂಥದಕ್ಕೆ ಒಳ್ಳೆಯ ಬದಲಿ ಈಗಾಗಲೇ ಇದೆ. ಬದಲಿ ಅತಿ ದುರ್ಬಲವಾಗಿರುವುದು .22 ಲಾಂಗ್ ರೈಫಲಿನಲ್ಲಿ; ಅಲ್ಲಿ ಸೀಸದ ಹಾನಿ ಹೋಲಿಕೆಯಲ್ಲಿ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ, ನೂರರಲ್ಲಿ ಎಂಬತ್ತು ಕಳೇಬರಗಳಲ್ಲಿ ಚೂರುಗಳಿದ್ದವೆಂಬುದು .22ಕ್ಕೂ ಸೇರಿದ ಮಾತು.

ಬೇರೆಡೆ ಈ ವ್ಯತ್ಯಾಸವನ್ನು ಕಾನೂನು ಮಾಡುವವರು ಗಮನಿಸಿದ್ದಾರೆ. ಯುರೋಪಿನ ರಾಸಾಯನಿಕ ಸಂಸ್ಥೆ 2021ರಲ್ಲಿ ಮುಂದಿಟ್ಟ ಪ್ರಸ್ತಾಪದಲ್ಲಿ ದೊಡ್ಡ ಗುಂಡುಗಳಿಗೆ 18 ತಿಂಗಳ ಕಾಲಾವಕಾಶವಿದ್ದರೆ ರಿಮ್‌ಫೈರ್ ಮತ್ತು ಇತರ ಸಣ್ಣ ಗುಂಡುಗಳಿಗೆ ಐದು ವರ್ಷ ಇತ್ತು. ಬ್ರಿಟನ್ ಸರ್ಕಾರ 2025ರ ಜುಲೈನಲ್ಲಿ ಸೀಸದ ನಿರ್ಬಂಧ ಘೋಷಿಸಿದಾಗ 6.17 ಮಿಲಿಮೀಟರಿಗಿಂತ ಸಣ್ಣ ಗುಂಡುಗಳನ್ನು ಹೊರಗೇ ಬಿಟ್ಟಿತು. ಬ್ರಿಟನ್ನಿನ ದಾರಿಯನ್ನು ನಾನು ಒಪ್ಪಲಾರೆ. ಸಣ್ಣ ಗುಂಡು ಎಂದರೆ .22 ಮಾತ್ರವೆಂಬಂತೆ ನಡೆದುಕೊಂಡು, .17 ಎಚ್‌ಎಂಆರ್‌ನಂಥ ಸಿಡಿಯುವ ಗುಂಡುಗಳಿಗೂ ಅದು ಬಾಗಿಲು ತೆರೆದಿಟ್ಟಿದೆ. ಕ್ಯಾಲಿಫೋರ್ನಿಯಾ ಇದರ ವಿರುದ್ಧ ತುದಿಯಲ್ಲಿ ನಿಂತು ಸಣ್ಣದು ದೊಡ್ಡದೆಂಬ ಭೇದವಿಲ್ಲದೆ ಎಲ್ಲವನ್ನೂ ಮುಚ್ಚಿತು. ಕಾಂಡೋರ್‌ನಂಥ ಹಕ್ಕಿಯಿರುವ ನೆಲದಲ್ಲಿ ಅದನ್ನು ಅರ್ಥಮಾಡಿಕೊಳ್ಳಬಹುದು. ಒಂದು ಕಾಂಡೋರ್ ಸತ್ತರೂ ಐನೂರರಲ್ಲಿ ಒಂದು ಹೋದಂತೆ. ಆದರೆ ನಿಷೇಧಿಸಿದ ಮೇಲೆ ಬೇಟೆಗಾರನಿಗೆ ದಾರಿ ತೋರಿಸುವುದೂ ಸರ್ಕಾರದ ಹೊಣೆ. 'ನಿಮ್ಮ .22ಕ್ಕೆ ಬೇರೆ ಗುಂಡು ಕೊಳ್ಳಿ' ಎನ್ನುವುದಕ್ಕಿಂತ 'ಈ ಕೆಲಸಕ್ಕೆ .17 ಎಚ್‌ಎಂಆರ್ ಅಥವಾ .22 ಮ್ಯಾಗ್ನಮ್ ಹಿಡಿಯಿರಿ' ಎನ್ನುವುದು ಹಕ್ಕಿಗೂ ಅಳಿಲಿಗೂ ಹೊಲದವನಿಗೂ ಮೇಲಾದ ಸಲಹೆ.

ಕೈಯಲ್ಲಿರುವುದು .22 ಒಂದೇ ಆದರೆ? ಆಗಲೂ ಕೆಲಸ ನಡೆಯುತ್ತದೆ, ದೂರವನ್ನು ಕಡಿಮೆ ಮಾಡಿಕೊಳ್ಳಬೇಕು. ಸಿಗುವ ಎಲ್ಲ ಬಗೆಯ ಸೀಸವಿಲ್ಲದ ತೋಟಾಗಳನ್ನು ತಂದು, ನಳಿಗೆಯನ್ನು ಚೊಕ್ಕ ಮಾಡಿ, ಹೊಸ ತೋಟಾದ ಕೆಲವು ಗುಂಡುಗಳನ್ನು ಸುಮ್ಮನೆ ಹಾರಿಸಿ, ಆಮೇಲೆ ಕಾಗದದ ಮೇಲೆ ಐದೈದರ ಗುಂಪು ಹೊಡೆದು ಅಳೆಯಬೇಕು. ಐದು ಗುಂಡುಗಳೂ ನಾಲ್ಕು ಸೆಂಟಿಮೀಟರಿನೊಳಗೆ ಎಷ್ಟು ದೂರದವರೆಗೆ ಕೂಡುತ್ತವೆಯೋ ಅದೇ ಆ ರೈಫಲಿನ ಬೇಟೆಯ ದೂರ. ಕೆಲವರಿಗೆ ಅದು 50 ಮೀಟರ್ ಆದೀತು, ಕೆಲವರಿಗೆ 30. ಹಿಂದೆ 80 ಮೀಟರಿನಿಂದ ಹೊಡೆಯುತ್ತಿದ್ದವನಿಗೆ ಬಿಲದ ಹತ್ತಿರ ಕಾದು ಕೂರುವುದು ಬೇಸರವೇ, ಆದರೆ ಆ ಬೇಸರ ಅಳಿಲಿನ ನೋವಿಗಿಂತ ದೊಡ್ಡದಲ್ಲ. ತೋಟಾ ಮಾಡುವ ಕಂಪನಿಗಳಿಂದಲೂ ಇಲ್ಲಿ ಬಾಕಿಯಿದೆ: ಪೆಟ್ಟಿಗೆಯ ಮೇಲೆ ನಳಿಗೆಯ ತುದಿಯ ವೇಗವನ್ನಷ್ಟೇ ದೊಡ್ಡಕ್ಷರದಲ್ಲಿ ಹಾಕುವ ಬದಲು 50 ಮತ್ತು 100 ಮೀಟರಿನಲ್ಲಿ ಉಳಿಯುವ ಶಕ್ತಿಯನ್ನೂ, ಅಳೆದು ನೋಡಿದ ಗುಂಪಿನ ಅಗಲವನ್ನೂ ಅಷ್ಟೇ ದೊಡ್ಡದಾಗಿ ಅಚ್ಚು ಮಾಡಲಿ.

ಕೊಳ್ಳುವಾಗ ಬಣ್ಣಕ್ಕೆ ಮೋಸಹೋಗಬಾರದು. .22ರ ಎಷ್ಟೋ ಸೀಸದ ಗುಂಡುಗಳ ಮೇಲೆ ಕಾಗದಕ್ಕಿಂತ ತೆಳುವಾದ ತಾಮ್ರದ ಲೇಪ ಇರುತ್ತದೆ. ಹೊರಗೆ ಮಿರಮಿರ ಮಿಂಚುವ ಆ ಗುಂಡನ್ನು ಚಾಕುವಿನಿಂದ ಕೆರೆದರೆ ಒಳಗಿನ ಬೂದುಬಣ್ಣ ಕಾಣುತ್ತದೆ. ಅದನ್ನು ತಾಮ್ರದ ಗುಂಡೆಂದು ತಿಳಿದು ಹೊಲಕ್ಕೆ ಇಳಿದವನಿಗೆ ಮೊದಲ ತಪ್ಪಿಗೆ 500 ಡಾಲರ್ ದಂಡ, ಮತ್ತೆ ಸಿಕ್ಕಿಬಿದ್ದರೆ 1,000ದಿಂದ 5,000 ಡಾಲರ್. ಹಾಗೆಯೇ, ಗುಂಡಿನಲ್ಲಿ ಸೀಸವಿಲ್ಲ ಎಂದಮಾತ್ರಕ್ಕೆ ತೋಟಾದಲ್ಲೇ ಸೀಸವಿಲ್ಲ ಎಂದಾಗದು. ರಿಮ್‌ಫೈರಿನ ಬುಡದ ಅಂಚಿನ ಸಿಡಿಮದ್ದಿನಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತ ಇದ್ದೇ ಇರುತ್ತದೆ. ಕಳೇಬರಕ್ಕೆ ಅದರಿಂದ ಏನೂ ಆಗದು, ಮುಚ್ಚಿದ ಕೋಣೆಯಲ್ಲಿ ಅಭ್ಯಾಸ ಮಾಡುವವರ ಉಸಿರಿಗೆ ಮಾತ್ರ ಅದು ಮುಖ್ಯ. ಬದಲಿ ಲೋಹಗಳಲ್ಲೂ ಎಲ್ಲವೂ ಸಮವಲ್ಲ. ತಾಮ್ರವನ್ನೂ ತವರವನ್ನೂ ಹಕ್ಕಿಯ ದೇಹ ಸಾಕಷ್ಟು ತಾಳಿಕೊಳ್ಳುತ್ತದೆ, ಆದರೆ ಸತುವಿನ ಚರೆ ನುಂಗಿಸಿದ ಬಾತುಕೋಳಿಗಳು ಪರೀಕ್ಷೆಯಲ್ಲಿ ಕಾಯಿಲೆಬಿದ್ದು ಸತ್ತಿವೆ. ಅಗ್ಗವೆಂದು ಸತುವಿನ ಗುಂಡಿಗೆ ತಿರುಗುವ ಮೊದಲು ಇದನ್ನು ನೆನೆಯಬೇಕು.

ಕಾನೂನಿನಲ್ಲಿ ಉಳಿದಿರುವ ಕಿಂಡಿಯೊಂದನ್ನು ಹೇಳದೆ ವಿಷಯ ಪೂರ್ಣವಾಗುವುದಿಲ್ಲ. ಅದು ಅನ್ವಯವಾಗುವುದು ಮದ್ದಿನಿಂದ ಸಿಡಿಯುವ ಬಂದೂಕುಗಳಿಗೆ. ಗಾಳಿಯ ಒತ್ತಡದಿಂದ ಹಾರುವ ಏರ್‌ಗನ್ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ, ಅದರಲ್ಲಿ ಸೀಸದ ಪೆಲೆಟ್, ಅಂದರೆ ಪುಟ್ಟ ಗುಂಡು ಹಾಕಿ ಅಳಿಲು ಹೊಡೆಯಲು ಅಡ್ಡಿಯಿಲ್ಲ. .22 ತೋಟಾ ಕೊಳ್ಳುವುದು ತ್ರಾಸವೆನಿಸಿದಷ್ಟೂ ಜನ ಅದರತ್ತ ಹೊರಳುವುದು ಸಹಜ. 2022ರ ಮೇ ತಿಂಗಳಲ್ಲಿ ಯೂರೊಕ್ ಬುಡಕಟ್ಟಿನವರು, ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾಂಡೋರ್ ಕಾಣದಿದ್ದ ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ರೆಡ್‌ವುಡ್ ಕಾಡಿನಲ್ಲಿ ಅವನ್ನು ಮತ್ತೆ ಹಾರಬಿಡಲು ಆರಂಭಿಸಿದರು. ಹಾಗೆ ಬಿಟ್ಟ ಹಕ್ಕಿಗಳಲ್ಲಿ ಮೊದಲ ಸಾವು 2025ರ ಆರಂಭದಲ್ಲಿ ಸಂಭವಿಸಿತು. ಎರಡು ವರ್ಷವೂ ತುಂಬದ ಹಕ್ಕಿ, ಕಾರಣ ಸೀಸದ ವಿಷ. ಶವಪರೀಕ್ಷೆಯಲ್ಲಿ ಜೀರ್ಣಾಂಗದೊಳಗೆ ಸಿಕ್ಕಿದ್ದು ಏರ್‌ಗನ್ನಿನ ಸೀಸದ ಪೆಲೆಟ್. ಏರ್‌ಗನ್ನಿಗೆ ತವರದ ಪೆಲೆಟ್‌ಗಳು ಈಗಾಗಲೇ ಅಂಗಡಿಗಳಲ್ಲಿ ಸಿಗುತ್ತವೆ, .22ರ ತೋಟಾದಂಥ ಜೋಡಣೆಯ ಕಷ್ಟ ಅಲ್ಲಿಲ್ಲ. ಕಾನೂನಿನ ಪಠ್ಯದಲ್ಲಿ ಬಂದೂಕಿನ ಪಕ್ಕ ಏರ್‌ಗನ್ ಎಂಬ ಒಂದು ಪದ ಸೇರಬೇಕಿದೆ.